ಡಿಸ್ಕ್ ಗಾಲ್ಫ್ ಪಂದ್ಯಾವಳಿಗಳಲ್ಲಿ ಕ್ರೀಡಾಭೂಮಿಯ ರಚನೆಯೂ ಉತ್ಕಂಠೆಯೂ

ಆಟವೊಂದನ್ನು ವಿಮರ್ಶೆಯ ವಿಷಯವನ್ನಾಗಿ ಎತ್ತಿಕೊಂಡಾಗ, ಅದು ವಿದ್ವತ್ಪತ್ರಿಕೆಗೆ ತಕ್ಕ ವಸ್ತುವೇ ಎಂಬ ಪ್ರಶ್ನೆ ಏಳುವುದು ಸಹಜ. ಆಟಗಾರರ ಚಾತುರ್ಯವನ್ನು ಹೊಗಳುವುದೋ ಗೆದ್ದವರ ಪಟ್ಟಿಯನ್ನು ಒದಗಿಸುವುದೋ ಇಲ್ಲಿನ ಉದ್ದೇಶವಾಗಿದ್ದರೆ ಆ ಪ್ರಶ್ನೆಗೆ ಸಮಾಧಾನ ಹೇಳುವುದು ಕಷ್ಟವಾಗುತ್ತಿತ್ತು. ಆದರೆ ಕೆಲವು ಆಟಗಳಲ್ಲಿ ಆಡುವ ನೆಲವೇ ಒಬ್ಬ ರಚನಕಾರನ ಕೃತಿಯಾಗಿರುತ್ತದೆ. ಕ್ರಿಕೆಟ್ಟಿನ ಪಿಚ್ಚು ಎಲ್ಲಿದ್ದರೂ ೨೨ ಗಜವೇ. ಕಬಡ್ಡಿಯ ಅಂಗಣದ ಅಳತೆಯನ್ನು ನಿಯಮವೇ ಗೊತ್ತುಮಾಡಿದೆ. ಡಿಸ್ಕ್ ಗಾಲ್ಫಿನಲ್ಲಿ ಹಾಗಿಲ್ಲ. ಇಲ್ಲಿ ಒಂದು ಕ್ರೀಡಾಭೂಮಿಯಂತೆ ಇನ್ನೊಂದಿಲ್ಲ. ಎಲ್ಲಿ ನಿಂತು ಎಸೆಯಬೇಕು, ಯಾವ ಮರಗಳ ನಡುವೆ ದಾರಿ, ಗುರಿ ದಿಬ್ಬದ ಮೇಲೋ ತಗ್ಗಿನಲ್ಲೋ ಎಂಬುದನ್ನೆಲ್ಲ ಒಬ್ಬನು ನಡೆದು ಅಳೆದು ಯೋಚಿಸಿ ನಿರ್ಣಯಿಸಿರುತ್ತಾನೆ. ಕರ್ತೃವಿರುವಲ್ಲಿ ಕೃತಿಯುಂಟು, ಕೃತಿಯಿರುವಲ್ಲಿ ಗುಣದೋಷ ವಿಚಾರಕ್ಕೂ ಎಡೆಯುಂಟು. ವೃತ್ತಿಪರ ಡಿಸ್ಕ್ ಗಾಲ್ಫ್ ಪಂದ್ಯಾವಳಿಗಳಲ್ಲಿ ನೋಟಕನಿಗೆ ಉಂಟಾಗುವ ಉತ್ಕಂಠೆಗೆ ಈ ರಚನೆ ಎಷ್ಟರಮಟ್ಟಿಗೆ ಕಾರಣ, ಯಾವ ಬಗೆಯ ರಚನೆ ನಿಜವಾದ ಉತ್ಕಂಠೆಯನ್ನು ಹುಟ್ಟಿಸುತ್ತದೆ, ಯಾವುದು ಅದರ ಆಭಾಸವನ್ನು ಮಾತ್ರ ಹುಟ್ಟಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಓದುಗರಲ್ಲಿ ಅನೇಕರಿಗೆ ಈ ಆಟದ ಪರಿಚಯವಿರಲಾರದು. ಆದ್ದರಿಂದ ಕೆಲವು ಮಾತುಗಳನ್ನು ಮೊದಲು ಹೇಳುವುದು ಅವಶ್ಯಕ. ಊಟದ ತಟ್ಟೆಗಿಂತ ಚಿಕ್ಕದಾದ ಪ್ಲಾಸ್ಟಿಕ್ ಡಿಸ್ಕನ್ನು ಗೊತ್ತಾದ ಕಟ್ಟೆಯಿಂದ ಎಸೆದು, ಬಿದ್ದಲ್ಲಿಂದ ಮತ್ತೆ ಎಸೆದು, ಕಂಬದ ಸುತ್ತ ಸರಪಣಿಗಳನ್ನು ಇಳಿಬಿಟ್ಟ ಒಂದು ಬುಟ್ಟಿಯೊಳಕ್ಕೆ ಸಾಧ್ಯವಾದಷ್ಟು ಕಡಮೆ ಎಸೆತಗಳಲ್ಲಿ ಸೇರಿಸುವುದೇ ಆಟ. ನೆಲದಲ್ಲಿ ಕುಳಿಯೆಂಬುದೇ ಇಲ್ಲದಿದ್ದರೂ ಗಾಲ್ಫಿನ ಸಂಪ್ರದಾಯವನ್ನನುಸರಿಸಿ ಒಂದೊಂದು ಘಟ್ಟವನ್ನೂ ‘ಹೋಲ್’ ಎಂದೇ ಕರೆಯುತ್ತಾರೆ. ಸಾಮಾನ್ಯವಾಗಿ ೧೮ ಹೋಲುಗಳಿಗೆ ಒಂದು ಸುತ್ತು. ನಿಪುಣನಾದ ಆಟಗಾರನು ತಪ್ಪಿಲ್ಲದೆ ಆಡಿದರೆ ಎಷ್ಟು ಎಸೆತಗಳಲ್ಲಿ ಹೋಲನ್ನು ಮುಗಿಸಬೇಕೋ ಆ ಸಂಖ್ಯೆಗೆ ‘ಪಾರ್’ ಎಂದು ಹೆಸರು. ಅದಕ್ಕಿಂತ ಒಂದು ಕಡಮೆಯಾದರೆ ‘ಬರ್ಡಿ’. ಫ್ರಿಸ್ಬೀಯನ್ನು ಸುಧಾರಿಸಿದ ಎಡ್ ಹೆಡ್ರಿಕ್ ಅವರು ೧೯೭೫ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲನೆಯ ಶಾಶ್ವತ ಕ್ರೀಡಾಭೂಮಿಯನ್ನು ರೂಪಿಸಿದರು. ಮರುವರ್ಷ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘವನ್ನು ಸ್ಥಾಪಿಸಿದರು. ಮೊದಮೊದಲು ಗುರಿಯಾಗಿ ಇದ್ದದ್ದು ಬರಿಯ ಕಂಬ. ಸರಪಣಿಯ ಬುಟ್ಟಿಗೆ ಅವರಿಗೆ ಪೇಟೆಂಟ್ ದೊರೆತದ್ದು ೧೯೭೭ರಲ್ಲಿ. ಈ ಬದಲಾವಣೆ ಚಿಕ್ಕದೆಂದು ತೋರಬಹುದು. ಆದರೆ ಕಂಬಕ್ಕೆ ತಗಲಿತೋ ಇಲ್ಲವೋ ಎಂದು ವಾದಿಸುವ ಆಟಕ್ಕೂ, ಸರಪಣಿ ಝಣಿಸಿ ಡಿಸ್ಕು ಬುಟ್ಟಿಯಲ್ಲಿ ನಿಲ್ಲುವುದನ್ನು ನೂರು ಮಂದಿ ಏಕಕಾಲದಲ್ಲಿ ಕೇಳುವ ಆಟಕ್ಕೂ ಬಹಳ ಅಂತರವಿದೆ. ನೋಟಕನನ್ನು ಮನಸ್ಸಿನಲ್ಲಿಟ್ಟುಕೊಂಡ ಮೊದಲ ರಚನೆ ಅದೇ ಎನ್ನಬಹುದು.

ಉತ್ಕಂಠೆಯೆಂದರೇನು? ನಮ್ಮ ನಾಟ್ಯಶಾಸ್ತ್ರ ಇತಿವೃತ್ತದ ಐದು ಅವಸ್ಥೆಗಳನ್ನು ಹೇಳುತ್ತದೆ: ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಫಲ ದೊರೆಯಬಹುದು, ದೊರೆಯದೆಯೂ ಹೋಗಬಹುದು ಎಂದು ತೂಗಾಡುವ ಸ್ಥಿತಿ ಪ್ರಾಪ್ತ್ಯಾಶೆ; ದೊರೆಯುವುದು ಖಂಡಿತವೆಂದು ಗೊತ್ತಾದದ್ದು ನಿಯತಾಪ್ತಿ. ಪಂದ್ಯಾವಳಿಯನ್ನು ನೋಡುವವನ ಅನುಭವಕ್ಕೆ ಈ ವಿಭಾಗ ಆಶ್ಚರ್ಯಕರವಾಗಿ ಒಪ್ಪುತ್ತದೆ. ಮುಂದಾಳು ನಾಲ್ಕು ಎಸೆತ ಮುಂದಿದ್ದು, ಉಳಿದ ನಾಲ್ಕು ಹೋಲುಗಳಲ್ಲಿ ಯಾರೂ ಪಾರನ್ನು ತಪ್ಪಲಾರರೆಂದಾದರೆ, ಹದಿನಾಲ್ಕನೆಯ ಹೋಲಿನಲ್ಲಿಯೇ ನಿಯತಾಪ್ತಿ ಒದಗಿತು. ಮಿಕ್ಕದ್ದು ಬರಿಯ ವಿಧಿಪೂರಣ. ನಾಟಕಕಾರನಿಗೆ ತನ್ನ ಕಥೆಯ ಅಂತ್ಯ ತಿಳಿದಿರುತ್ತದೆ, ಕ್ರೀಡಾಭೂಮಿಯ ರಚನಕಾರನಿಗೆ ತಿಳಿದಿರುವುದಿಲ್ಲ. ಈ ಭೇದವನ್ನು ಮರೆಯತಕ್ಕದ್ದಲ್ಲ. ಅವನ ಕೈಯಲ್ಲಿರುವುದು ಒಂದೇ: ನಿಯತಾಪ್ತಿಯನ್ನು ಮುಂದಕ್ಕೆ ತಳ್ಳಬಲ್ಲ ಸ್ಥಳಗಳನ್ನು ನೆಲದ ಮೇಲೆ ಸಿದ್ಧಪಡಿಸಿಡುವುದು.

ಅದು ಹೇಗೆ ಸಾಧ್ಯ? ಕಠಿನವಾದ ಹೋಲುಗಳನ್ನು ಕೊನೆಗಿಟ್ಟರೆ ಸಾಕೆಂದು ಮೇಲುನೋಟಕ್ಕೆ ತೋರುತ್ತದೆ. ಇದು ಸರಿಯಲ್ಲ. ಎಲ್ಲರೂ ನಾಲ್ಕು ಎಸೆತಗಳಲ್ಲಿಯೇ ಮುಗಿಸುವ ಹೋಲು ಎಷ್ಟೇ ಕಠಿನವಾಗಿದ್ದರೂ ಆಟಗಾರರ ನಡುವಣ ಅಂತರವನ್ನು ಅದು ಬದಲಾಯಿಸುವುದಿಲ್ಲ. ಎಲ್ಲರೂ ಎರಡರಲ್ಲಿಯೇ ಮುಗಿಸುವ ಸುಲಭದ ಹೋಲಿಗೂ ಅದಕ್ಕೂ ಈ ದೃಷ್ಟಿಯಿಂದ ವ್ಯತ್ಯಾಸವೇ ಇಲ್ಲ. ಒಂದೇ ಹೋಲಿನಲ್ಲಿ ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ಐದು ಆಗಬಹುದಾದರೆ ಎರಡು ಎಸೆತಗಳ ಮುನ್ನಡೆ ಅಲ್ಲಿ ಕರಗಿಹೋಗಬಲ್ಲದು. ಆದ್ದರಿಂದ ಬೇಕಾದದ್ದು ಕಾಠಿನ್ಯವಲ್ಲ, ಫಲಗಳ ವೈವಿಧ್ಯ. ಆ ವೈವಿಧ್ಯ ಕೂಡ ಆಟಗಾರನ ಸಾಮರ್ಥ್ಯದಿಂದಲೂ ಅವನ ಆಯ್ಕೆಯಿಂದಲೂ ಹುಟ್ಟಬೇಕು. ಪಗಡೆಯ ದಾಳದಿಂದ ಹುಟ್ಟುವಂತೆ ಹುಟ್ಟಿದರೆ ಅದು ಕುತೂಹಲವನ್ನುಂಟುಮಾಡೀತೇ ಹೊರತು ಸ್ಪರ್ಧೆಯ ಉತ್ಕಂಠೆಯಾಗಲಾರದು. ಮುಂದಿರುವವನು ಜಾಗರೂಕತೆಯಿಂದ ಹತ್ತಿರದಲ್ಲಿ ಇಳಿಸಿ ಪಾರಿನಿಂದ ತೃಪ್ತನಾಗಬಹುದು. ಹಿಂದಿರುವವನು ಸಾಹಸಮಾಡಿ ಬರ್ಡಿಗೆ ಎಸೆಯಬಹುದು. ಸಾಹಸ ತಪ್ಪಿದರೆ ಇನ್ನಷ್ಟು ಹಿಂದೆ ಬೀಳಬೇಕು. ಈ ಮೂರೂ ಸಾಧ್ಯವಾಗಿರುವ ಹೋಲು ಉತ್ತಮ. ಮೊದಲನೆಯದು ಮಾತ್ರ ಸಾಧ್ಯವಾಗಿರುವುದು ಜಡ.

ಈಗ ಮುಖ್ಯ ವಿಷಯಕ್ಕೆ ಬರೋಣ. ಫಲಗಳ ವೈವಿಧ್ಯವನ್ನು ಸಾಧಿಸಲು ರಚನಕಾರರು ಹಿಡಿದಿರುವ ದಾರಿಗಳು ಹಲವಾದರೂ ಅವುಗಳಲ್ಲಿ ಎರಡು ಪ್ರಧಾನ: ಮರ ಮತ್ತು ಹಗ್ಗ. ಕೆಂಟಕಿಯ ಬರ್ಲಿಂಗ್ಟನ್ನಿನಲ್ಲಿರುವ ಐಡಲ್‌ವೈಲ್ಡ್, ಇಲಿನಾಯಿಯ ಪಿಯೋರಿಯ ನಗರದ ಬಳಿಯ ನಾರ್ತ್‌ವುಡ್ ಮೊದಲಾದವು ಕಾಡಿನೊಳಗೆ ಕಡಿದ ಕಿರುದಾರಿಗಳು. ಎಸೆತ ಸ್ವಲ್ಪ ವಾಲಿದರೂ ಡಿಸ್ಕು ಕಾಂಡಕ್ಕೆ ಬಡಿದು ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ನೆವಾಡದ ಹೆಂಡರ್ಸನ್ನಿನ ವೈಲ್ಡ್‌ಹಾರ್ಸ್ ಎಂಬ ಗಾಲ್ಫ್ ಮೈದಾನದಲ್ಲಿ ಹಲವು ವರ್ಷ ನಡೆದ ಲಾಸ್ ವೇಗಸ್ ಚಾಲೆಂಜ್ ಪಂದ್ಯಾವಳಿಯ ನೆಲ ಬಹುಮಟ್ಟಿಗೆ ಬಯಲು. ಬಯಲಿನಲ್ಲಿ ತಡೆ ಬೇಕೆಂದರೆ ನೆಲದ ಮೇಲೆ ಹಗ್ಗವನ್ನೆಳೆದು, ಆಚೆಗೆ ಬಿದ್ದರೆ ಒಂದು ದಂಡದ ಎಸೆತ ಎಂದು ಸಾರಬೇಕಾಗುತ್ತದೆ.

ಎರಡೂ ತಪ್ಪನ್ನು ಶಿಕ್ಷಿಸುತ್ತವೆ. ಆದರೆ ಶಿಕ್ಷೆಯ ಸ್ವರೂಪ ಒಂದೇ ಅಲ್ಲ. ಮರ ಆಟಗಾರನನ್ನು ಸ್ಥಳದಲ್ಲಿ ಶಿಕ್ಷಿಸುತ್ತದೆ; ಹಗ್ಗ ಅವನನ್ನು ಲೆಕ್ಕದ ಪುಸ್ತಕದಲ್ಲಿ ಶಿಕ್ಷಿಸುತ್ತದೆ. ಕಾಡಿನೊಳಕ್ಕೆ ಹೋದ ಡಿಸ್ಕಿನ ಒಡೆಯನು ಪೊದೆಯ ಹಿಂದೆ ಒಂದು ಮೊಣಕಾಲೂರಿ ನಿಂತು, ಎರಡು ಕಾಂಡಗಳ ನಡುವಣ ಮೊಳಗಲದ ಕಿಂಡಿಯನ್ನು ನೋಡುತ್ತಾನೆ. ನೆಲದ ಮೇಲೆ ಉರುಳಿಸಲೇ, ತಲೆಯ ಮೇಲಿಂದ ನೆಟ್ಟಗೆ ಎಸೆದು ಎಲೆಗಳನ್ನು ದಾಟಿಸಲೇ, ಸುಮ್ಮನೆ ಪಕ್ಕದ ದಾರಿಗೆ ಹಾಕಿಕೊಂಡು ಒಂದು ಎಸೆತವನ್ನು ಬಿಟ್ಟುಕೊಡಲೇ ಎಂಬ ಆಲೋಚನೆ ಅವನ ಮುಖದ ಮೇಲೆಯೇ ಕಾಣುತ್ತದೆ. ತಪ್ಪಿನಿಂದ ಹೊಸದೊಂದು ಸನ್ನಿವೇಶ ಹುಟ್ಟಿತು. ಹಗ್ಗವನ್ನು ದಾಟಿದವನ ಗತಿಯೇ ಬೇರೆ. ದಂಡದ ಎಸೆತವೊಂದು ಸೇರುತ್ತದೆ. ಡಿಸ್ಕು ಗೆರೆ ದಾಟಿದ ಸ್ಥಳದಿಂದ ಒಂದು ಮೀಟರಿನಷ್ಟು ಒಳಕ್ಕೆ ಬಂದು ಅವನು ಮತ್ತೆ ಹಸನಾದ ಹುಲ್ಲಿನ ಮೇಲೆ ನಿಲ್ಲುತ್ತಾನೆ. ಮುಂದಿನ ಎಸೆತ ನಿರಾತಂಕ. ಸಂಖ್ಯೆ ಬದಲಾಯಿತು, ಸನ್ನಿವೇಶ ಬದಲಾಗಲಿಲ್ಲ. ಕೊನೆಯ ಅಂಕಪಟ್ಟಿಯನ್ನಷ್ಟೇ ಓದುವವನಿಗೆ ಎರಡು ಕಡೆಯೂ ಏರುಪೇರುಗಳು ಸಮನಾಗಿ ಕಂಡಾವು. ಆಟವನ್ನು ನೋಡಿದವನಿಗೆ ಹಾಗೆ ಕಾಣಲಾರವು.

ಇಷ್ಟು ಹೇಳಿದ ಮಾತ್ರಕ್ಕೆ ಕಾಡೆಲ್ಲ ಗುಣ, ಬಯಲೆಲ್ಲ ದೋಷ ಎಂದು ತೀರ್ಮಾನಿಸಲಾಗದು. ದಾರಿ ತೀರ ಇಕ್ಕಟ್ಟಾದರೆ ಒಂದಂಗುಲ ವ್ಯತ್ಯಾಸವಿರುವ ಎರಡು ಎಸೆತಗಳಲ್ಲಿ ಒಂದು ಕಾಂಡಕ್ಕೆ ತಗಲಿ ದಾರಿಯ ಮಧ್ಯಕ್ಕೆ ಹಾರುತ್ತದೆ, ಇನ್ನೊಂದು ಅದೇ ಕಾಂಡಕ್ಕೆ ತಗಲಿ ಮುಳ್ಳುಪೊದೆ ಸೇರುತ್ತದೆ. ಅಲ್ಲಿ ನಾವು ನೋಡುವುದು ಆಟಗಾರನನ್ನಲ್ಲ, ಮರದ ತೊಗಟೆಯನ್ನು. ಕಾಡಿನ ಪಂದ್ಯಗಳನ್ನು ಮೆಚ್ಚುವವರು ಈ ಆಕ್ಷೇಪವನ್ನು ಸಾಮಾನ್ಯವಾಗಿ ನಕ್ಕು ತಳ್ಳಿಹಾಕುತ್ತಾರೆ, ಅದು ನ್ಯಾಯವಲ್ಲ. ಹೀಗಾಗಿ ಬಲ್ಲ ರಚನಕಾರನು ಕಾಡಿನಲ್ಲಿ ಮೊದಲು ಬೆಳಕಿರುವ ಒಂದು ಸ್ಪಷ್ಟವಾದ ದಾರಿಯನ್ನು ತೆರೆದು, ಅದರಿಂದ ದೂರವಾದಷ್ಟೂ ಕಷ್ಟ ಹೆಚ್ಚುವಂತೆ ಮರಗಳನ್ನು ಉಳಿಸುತ್ತಾನೆ. ಯಾವ ಮರವನ್ನು ಕಡಿಯಬೇಕೆಂಬುದಕ್ಕಿಂತ ಯಾವುದನ್ನು ಕಡಿಯಬಾರದೆಂಬುದೇ ಅವನ ವಿವೇಕಕ್ಕೆ ಪರೀಕ್ಷೆ.

ಪಂದ್ಯಾವಳಿಗಳು ಬಯಲಿನ ಕಡೆಗೆ ಸರಿದದ್ದಕ್ಕೆ ಕಾರಣಗಳಿಲ್ಲದಿಲ್ಲ. ಮೊದಲನೆಯದು ಡಿಸ್ಕಿನ ದೂರ. ೧೯೮೩ರಲ್ಲಿ ಡೇವ್ ಡುನಿಪೇಸ್ ಅವರು ಅಂಚನ್ನು ಚೂಪುಮಾಡಿದ ಡಿಸ್ಕನ್ನು ತಂದಂದಿನಿಂದ ಎಸೆತ ಉದ್ದವಾಗುತ್ತಲೇ ಬಂದಿತು. ೨೦೧೬ರಲ್ಲಿ ನೆವಾಡದ ಮರುಭೂಮಿಯ ಗಾಳಿಯಲ್ಲಿ ಡೇವಿಡ್ ವಿಗ್ಗಿನ್ಸ್ ಅವರು ೩೩೮ ಮೀಟರ್ ಎಸೆದು ದಾಖಲೆ ಸ್ಥಾಪಿಸಿದರು. ಪಂದ್ಯದಲ್ಲಿ ಯಾರೂ ಹಾಗೆ ಎಸೆಯುವುದಿಲ್ಲವಾದರೂ, ೧೯೭೦ರ ದಶಕದ ಉದ್ಯಾನಗಳಲ್ಲಿ ಇಂದಿನ ವೃತ್ತಿಪರನು ಬಹುತೇಕ ಪ್ರತಿಯೊಂದು ಹೋಲನ್ನೂ ಎರಡೇ ಎಸೆತಗಳಲ್ಲಿ ಮುಗಿಸುವ ಆಸೆಯಿಂದ ನಿಲ್ಲುತ್ತಾನೆ ಎಂಬುದಂತೂ ದಿಟ. ಎರಡನೆಯ ಕಾರಣ ಪ್ರೇಕ್ಷಕರು. ಕಾಡಿನ ಕಿರುದಾರಿಯ ಪಕ್ಕದಲ್ಲಿ ಸಾವಿರ ಜನ ನಿಲ್ಲಲು ಸ್ಥಳವೆಲ್ಲಿ? ಗಾಲ್ಫ್ ಮೈದಾನದಲ್ಲಿ ವಾಹನಗಳಿಗೂ ಅಂಗಡಿಗಳಿಗೂ ಟಿಕೆಟ್ಟು ಪಡೆದವರಿಗೂ ಎಡೆಯಿದೆ. ಹಣವಿಲ್ಲದೆ ವೃತ್ತಿಪರರು ಬದುಕಲಾರರು. ಆದರೂ ನೋಡುವವರಿಗಾಗಿ ಆರಿಸಿದ ಭೂಮಿಯಲ್ಲಿ ನೋಡತಕ್ಕದ್ದು ಕಡಮೆಯಾದರೆ ಅದು ವಿಪರ್ಯಾಸವೇ ಸರಿ. ಅಂಥ ಮೈದಾನದ ಹೋಲುಗಳಲ್ಲಿ ಬಲವಾದ ತೋಳುಳ್ಳವರೆಲ್ಲ ಒಂದೇ ಬಗೆಯಾಗಿ ಎಸೆದು, ಒಂದೇ ಸ್ಥಳದ ಆಸುಪಾಸಿನಲ್ಲಿ ಇಳಿದು, ಹತ್ತು ಮೀಟರಿನ ವೃತ್ತದೊಳಗಿನ ಕೊನೆಯ ಎಸೆತದಿಂದ ಮಾತ್ರ ಬೇರೆಬೇರೆಯಾಗುತ್ತಾರೆ. ಪಂದ್ಯ ಗುರಿಯೆಸೆತದ ಸ್ಪರ್ಧೆಯಾಗಿ ಕುಗ್ಗುತ್ತದೆ.

ಇದಕ್ಕೆ ಅಪವಾದವಾಗಿ ಕ್ಯಾನ್ಸಸಿನ ಎಂಪೋರಿಯ ನಗರವನ್ನು ಹೇಳಬೇಕು. ಅಲ್ಲಿನ ಕಂಟ್ರಿ ಕ್ಲಬ್ಬಿನ ನೆಲವೂ ಗಾಲ್ಫಿನದೇ, ಹಗ್ಗವೂ ಧಾರಾಳ. ಆದರೆ ಆ ಬಯಲುಸೀಮೆಯಲ್ಲಿ ಗಾಳಿಯೇ ಮರದ ಕೆಲಸವನ್ನು ಮಾಡುತ್ತದೆ. ಎದುರುಗಾಳಿಗೆ ಮೂತಿಯೆತ್ತಿದ ಡಿಸ್ಕು ಮೇಲೇರಿ ಹಿಂದಕ್ಕೆ ವಾಲುತ್ತದೆ. ನಿನ್ನೆ ಸುಲಭವಾಗಿದ್ದ ಗೆರೆ ಇಂದು ಎದೆಗುಂದಿಸುತ್ತದೆ. ಆಗ ಹಗ್ಗ ಬರಿಯ ದಂಡದ ಗುರುತಾಗಿ ಉಳಿಯದೆ, ಎಷ್ಟು ಹತ್ತಿರ ಹೋಗಬಹುದೆಂಬ ಆಯ್ಕೆಯ ಗುರುತಾಗುತ್ತದೆ. ೨೦೨೨ರ ವಿಶ್ವ ಚಾಂಪಿಯನ್‌ಷಿಪ್ ಈ ನಗರದಲ್ಲಿ ನಡೆದಾಗ ಪಾಲ್ ಮೆಕ್‌ಬೆತ್ ಮತ್ತು ಆರನ್ ಗಾಸೇಜ್ ಸಮಸಮನಾಗಿ ಮುಗಿಸಿ, ಹೆಚ್ಚುವರಿ ಆಟದಲ್ಲಿ ಮೆಕ್‌ಬೆತ್ ತಮ್ಮ ಆರನೆಯ ವಿಶ್ವಪದವಿಯನ್ನು ಪಡೆದರು.

ಹಗ್ಗದ ಬಗೆಗೆ ನಾನು ಮೊದಲು ತಳೆದಿದ್ದ ಕಠೋರವಾದ ಅಭಿಪ್ರಾಯವನ್ನು ಬದಲಿಸಿಕೊಳ್ಳುವಂತೆ ಮಾಡಿದ್ದು ಬೇರೊಂದು ಕ್ರೀಡಾಭೂಮಿ. ದಕ್ಷಿಣ ಕೆರೊಲಿನದ ರಾಕ್ ಹಿಲ್ ಊರಿನ ವಿಂತ್ರಾಪ್ ವಿಶ್ವವಿದ್ಯಾಲಯದ ಆವರಣದಲ್ಲಿ ೧೯೯೯ರಿಂದ ಎರಡು ದಶಕಗಳಿಗೂ ಮೀರಿ ಅಮೆರಿಕದ ರಾಷ್ಟ್ರೀಯ ಡಿಸ್ಕ್ ಗಾಲ್ಫ್ ಚಾಂಪಿಯನ್‌ಷಿಪ್ ನಡೆದುಬಂದಿದೆ. ಕೆರೆಯ ದಡ, ಹುಲ್ಲುಗಾವಲು, ಅಲ್ಲಲ್ಲಿ ಮರಗಳು. ಮಿಕ್ಕದ್ದೆಲ್ಲ ಹೆರಾಲ್ಡ್ ಡುವಾಲ್ ಅವರು ಹಳದಿಯ ಹಗ್ಗದಿಂದ ಕಲ್ಪಿಸಿದ ಭೂಗೋಳ. ಮೇಲಿನ ವಾದವನ್ನು ಯಥಾವತ್ತಾಗಿ ಅನ್ವಯಿಸಿದರೆ ಈ ಭೂಮಿ ನೀರಸವಾಗಿರಬೇಕು. ಆದರೆ ಅದರ ಹದಿನೇಳನೆಯ ಹೋಲು ಈ ಆಟದಲ್ಲಿಯೇ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು.

ಆ ಹೋಲಿನಲ್ಲಿ ಹೇಳಿಕೊಳ್ಳುವಂಥದು ಏನೂ ಇಲ್ಲ. ದೂರ ಸುಮಾರು ೭೫ ಮೀಟರು. ಕಾಲೇಜಿನ ಹುಡುಗನೊಬ್ಬ ಕೆಲವು ವಾರ ಅಭ್ಯಾಸಮಾಡಿದರೆ ಮುಟ್ಟಬಹುದಾದಷ್ಟು. ಬುಟ್ಟಿಯ ಸುತ್ತ ಒಂದು ದ್ವೀಪ; ನೀರಿನ ನಡುವಣ ದ್ವೀಪವಲ್ಲ, ಹುಲ್ಲಿನ ಮೇಲೆ ಎಲ್ಲೆಕಟ್ಟಿ ‘ಇದು ದ್ವೀಪ’ ಎಂದು ಗೊತ್ತುಮಾಡಿದ್ದು. ಡಿಸ್ಕು ಅದರೊಳಗೇ ನಿಲ್ಲಬೇಕು. ಇಳಿದು ಜಾರಿ ಆಚೆಗೆ ಹೋದರೆ ದಂಡವನ್ನು ತೆತ್ತು ಮತ್ತೆ ಎಸೆಯಬೇಕು. ವಿಶ್ವದ ಶ್ರೇಷ್ಠ ಆಟಗಾರರಿಗೆ ಈ ದೂರ ಮಕ್ಕಳಾಟ. ಆದರೂ ನಾಲ್ಕನೆಯ ದಿನ, ಇನ್ನೊಂದೇ ಹೋಲು ಉಳಿದಿರುವಾಗ, ಎರಡು ಎಸೆತ ಮುಂದಿರುವವನು ಆ ಕಟ್ಟೆಯ ಮೇಲೆ ನಿಂತು ಕೈಯನ್ನು ಪಂಚೆಗೆ ಒರಸಿಕೊಳ್ಳುವಂತೆ ಒರಸಿಕೊಳ್ಳುತ್ತಾನೆ. ಕಬಡ್ಡಿಯಲ್ಲಿ ಸುಣ್ಣದ ಒಂದು ಗೆರೆಯನ್ನು ಕಾಲ್ಬೆರಳಿನಿಂದ ಮುಟ್ಟಲು ದಾಳಿಗಾರನು ಚಾಚುವುದನ್ನು ಉಸಿರು ಬಿಗಿಹಿಡಿದು ನೋಡಿದ ನಮಗೆ, ಎಳೆದ ಗೆರೆಗೂ ಪ್ರಾಣ ಬರಬಹುದೆಂಬುದು ಹೊಸ ಸಂಗತಿಯಲ್ಲ.

ಹಾಗಾದರೆ ಅದೇ ಹಗ್ಗ ಇಲ್ಲೇಕೆ ಸಜೀವ, ಅಲ್ಲೇಕೆ ನಿರ್ಜೀವ? ನನಗೆ ತೋರುವ ಉತ್ತರ ಇದು. ಬಯಲಿನ ಉದ್ದನೆಯ ಹೋಲಿನ ಅಂಚಿಗೆ ಎಳೆದ ಹಗ್ಗ ಆಟಗಾರನ ಉದ್ದೇಶಕ್ಕೆ ಸಂಬಂಧಪಟ್ಟದ್ದಲ್ಲ. ಅವನು ಅದರಿಂದ ದೂರ ಎಸೆಯಲು ಬಯಸುತ್ತಾನೆ, ಅಪಘಾತವಾದರೆ ದಾಟುತ್ತಾನೆ. ದ್ವೀಪದ ಎಲ್ಲೆಯಾದರೋ ಗುರಿಯನ್ನೇ ಬಳಸಿ ನಿಂತಿದೆ. ಅದನ್ನು ಲಕ್ಷ್ಯದಲ್ಲಿಡದೆ ಬುಟ್ಟಿಯನ್ನು ಲಕ್ಷ್ಯದಲ್ಲಿಡುವುದೇ ಸಾಧ್ಯವಿಲ್ಲ. ಎರಡನೆಯದಾಗಿ, ಇಲ್ಲಿನ ಶಿಕ್ಷೆ ಲೆಕ್ಕದಲ್ಲಿಯೇ ಮುಗಿಯುವುದಿಲ್ಲ. ತಪ್ಪಿದವನು ಮತ್ತೆ ಅದೇ ದ್ವೀಪವನ್ನು ಎದುರಿಸಬೇಕು, ಈಗಾಗಲೇ ತಪ್ಪಿದ ಕೈಯಿಂದ. ಸನ್ನಿವೇಶ ಮುಂದುವರಿಯಿತು, ತೀವ್ರವಾಯಿತು. ಮೂರನೆಯದಾಗಿ ಅದರ ಸ್ಥಾನ. ಇದೇ ಹೋಲು ಮೂರನೆಯದಾಗಿದ್ದರೆ ಒಂದು ವಿನೋದವಾಗುತ್ತಿತ್ತು. ಹದಿನೆಂಟನೆಯದಾಗಿದ್ದರೆ ತಪ್ಪಿದವನಿಗೆ ತಿದ್ದಿಕೊಳ್ಳುವ ಅವಕಾಶವೇ ಇರುತ್ತಿರಲಿಲ್ಲ. ಉಪಾಂತ್ಯದಲ್ಲಿ ಇರುವುದರಿಂದ ನಿಯತಾಪ್ತಿಯನ್ನು ತಡೆದು ನಿಲ್ಲಿಸಿಯೂ, ಫಲಾಗಮವನ್ನು ಇನ್ನೊಂದು ಹೋಲಿಗೆ ಬಿಟ್ಟುಕೊಡುತ್ತದೆ. ಔಚಿತ್ಯವೆಂಬುದು ವಸ್ತುವಿನಲ್ಲಿಲ್ಲ, ಸ್ಥಾನದಲ್ಲಿದೆ ಎಂಬ ನಮ್ಮ ಆಲಂಕಾರಿಕರ ಅಭಿಪ್ರಾಯವನ್ನು ಇಲ್ಲಿ ನೆನೆಯಬಹುದು.

ನೀರು ಮರಕ್ಕೂ ಹಗ್ಗಕ್ಕೂ ನಡುವಣ ಸಂಗತಿ. ಮಸಾಚುಸೆಟ್ಸಿನ ಲೆಸ್ಟರಿನಲ್ಲಿ, ಕ್ರಿಸ್ಮಸ್ ಮರಗಳನ್ನು ಬೆಳೆಸುವ ತೋಟದಲ್ಲಿ ರೂಪುಗೊಂಡ ಮೇಪಲ್ ಹಿಲ್ ಎಂಬ ಕ್ರೀಡಾಭೂಮಿಯಲ್ಲಿ ಮೊದಲನೆಯ ಎಸೆತವೇ ಕೊಳದ ಮೇಲೆ ಹಾಯಬೇಕು. ನಿಯಮದ ಪ್ರಕಾರ ಅಲ್ಲಿಯೂ ಇರುವುದು ದಂಡದ ಎಸೆತವೇ. ಆದರೆ ನೀರಿಗೆ ಬಿದ್ದ ಡಿಸ್ಕಿನ ಸದ್ದು ಯಾವ ವಿವರಣೆಯನ್ನೂ ಬೇಡುವುದಿಲ್ಲ. ಎತ್ತರದ ವಿಷಯ ಇದಕ್ಕಿಂತ ಜಟಿಲ. ಕ್ಯಾಲಿಫೋರ್ನಿಯದ ಸಾಂಟಾ ಕ್ರೂಸಿನ ಡಿಲವಿಯಾಗದಲ್ಲಿ ‘ಜಗತ್ತಿನ ತುದಿ’ ಎಂದು ಹೆಸರು ಪಡೆದ ಇಪ್ಪತ್ತೇಳನೆಯ ಹೋಲಿದೆ. ಬೆಟ್ಟದ ನೆತ್ತಿಯಿಂದ ಬಿಟ್ಟ ಡಿಸ್ಕು ಬಹಳ ಹೊತ್ತು ಗಾಳಿಯಲ್ಲಿ ತೇಲಿ ಕೆಳಗಿನ ಕಣಿವೆಗೆ ಇಳಿಯುತ್ತದೆ. ನೋಡಲು ಅಷ್ಟು ಸೊಗಸಾದದ್ದು ಈ ಆಟದಲ್ಲಿ ಕಡಮೆ. ಮಿಚಿಗನ್ನಿನ ಕೆನ್ಸಿಂಗ್ಟನ್ ಉದ್ಯಾನದಲ್ಲಿ ಚಳಿಗಾಲದ ಜಾರುಬಂಡಿಯ ದಿಬ್ಬಗಳ ಮೇಲೆ ತಾತ್ಕಾಲಿಕವಾಗಿ ಹೂಡುವ ‘ಟೊಬಾಗನ್’ ಭೂಮಿಯೂ ಇಂಥದೇ. ಆದರೆ ರಮಣೀಯತೆಯೇ ಉತ್ಕಂಠೆಯಲ್ಲ. ವರ್ಣನೆ ಎಷ್ಟು ಚೆನ್ನಾಗಿದ್ದರೂ ಕಥೆಯನ್ನು ಮುಂದಕ್ಕೊಯ್ಯದಿದ್ದರೆ ಅದು ಅಷ್ಟಾದಶ ವರ್ಣನೆಗಳಲ್ಲೊಂದಾಗಿ ನಿಲ್ಲುತ್ತದೆ.

ಒಂದೇ ಪಂದ್ಯಾವಳಿಯಲ್ಲಿ ಎರಡು ವಿಧದ ಭೂಮಿಗಳನ್ನು ಬಳಸುವ ಕ್ರಮವೂ ಇದೆ. ವರ್ಮಾಂಟಿನ ಸ್ಮಗ್ಲರ್ಸ್ ನಾಚ್ ಎಂಬಲ್ಲಿ ೨೦೧೮ರಲ್ಲಿಯೂ ೨೦೨೩ರಲ್ಲಿಯೂ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿನ ಬ್ರೂಸ್ಟರ್ ರಿಡ್ಜ್ ಪರ್ವತದ ಕಾಡು. ಫಾಕ್ಸ್ ರನ್ ಮೆಡೋಸ್ ಹೆಚ್ಚು ತೆರಪಾದ ಹುಲ್ಲುಗಾವಲು. ಒಂದರಲ್ಲಿ ಗಳಿಸಿದ ಮುನ್ನಡೆ ಇನ್ನೊಂದರಲ್ಲಿ ಸುರಕ್ಷಿತವಲ್ಲವಾದ್ದರಿಂದ ಪ್ರಾಪ್ತ್ಯಾಶೆ ದಿನದಿಂದ ದಿನಕ್ಕೆ ಕೈಬದಲಾಯಿಸುತ್ತದೆ. ೨೦೧೮ರಲ್ಲಿ ಗ್ರೆಗ್ ಬಾರ್ಸ್ಬಿ, ೨೦೨೩ರಲ್ಲಿ ಐಸಾಕ್ ರಾಬಿನ್ಸನ್ ಗೆದ್ದರು. ಕೇವಲ ದೂರದ ಎಸೆತವನ್ನು ಪುರಸ್ಕರಿಸುವ ಭೂಮಿಯಲ್ಲಿ ಇಬ್ಬರ ಹೆಸರೂ ಮೊದಲಿಗೆ ನೆನಪಿಗೆ ಬರತಕ್ಕದ್ದಲ್ಲ.

ಇಷ್ಟರಲ್ಲಿ ಓದುಗರಲ್ಲಿ ಈ ಆಟವನ್ನು ಬಲ್ಲ ಯಾರಾದರೂ, ೨೦೨೧ರ ಯೂಟಾ ಪ್ರಾಂತ್ಯದ ಆಗ್ಡನ್ನಿನ ಮಾತೇಕೆ ಬರಲಿಲ್ಲವೆಂದು ಕೇಳಬಹುದು. ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ದಿನದ ಕೊನೆಯ ಹೋಲಿನಲ್ಲಿ ಮೆಕ್‌ಬೆತ್‌ಗಿಂತ ಒಂದು ಎಸೆತ ಹಿಂದಿದ್ದ ಜೇಮ್ಸ್ ಕಾನ್ರಡ್ ಅವರು ೨೪೭ ಅಡಿ ದೂರದಿಂದ ಎಸೆದ ಡಿಸ್ಕು ನೇರವಾಗಿ ಸರಪಣಿಗೆ ಬಡಿದು ಬುಟ್ಟಿಯಲ್ಲಿ ನಿಂತಿತು, ಪಂದ್ಯ ಸಮನಾಯಿತು, ಹೆಚ್ಚುವರಿ ಆಟದಲ್ಲಿ ಕಾನ್ರಡ್ ಗೆದ್ದರು. ಡಿಸ್ಕ್ ಗಾಲ್ಫಿನ ಹೆಸರನ್ನೂ ಕೇಳದಿದ್ದವರು ಆ ಒಂದು ಎಸೆತದ ಚಿತ್ರವನ್ನು ನೋಡಿದರು. ಇದನ್ನು ರಚನೆಯ ಗೆಲವೆಂದು ಎಣಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅದ್ಭುತದಿಂದ ಶಾಸ್ತ್ರವನ್ನು ಕಟ್ಟಲಾಗದು. ಅಂಥ ಎಸೆತ ಬುಟ್ಟಿಯಿರುವ ಯಾವ ನೆಲದ ಮೇಲಾದರೂ ಘಟಿಸಬಹುದಿತ್ತು. ರಚನೆಗೆ ಸಲ್ಲಬೇಕಾದ ಶ್ರೇಯಸ್ಸು ಇಷ್ಟೇ: ಕೊನೆಯ ಹೋಲು ಹಲವು ಎಸೆತಗಳನ್ನು ಬೇಡುವಷ್ಟು ಉದ್ದವಾಗಿತ್ತು; ಆದ್ದರಿಂದ ಅಷ್ಟು ದೂರದಿಂದ ನಿರಾಶೆಯ ಎಸೆತವೊಂದನ್ನು ಎಸೆಯುವ ಪ್ರಸಂಗ ಒದಗಿತು. ಎಂಬತ್ತು ಮೀಟರಿನ ಸಾಧು ಹೋಲಿನಿಂದ ಪಂದ್ಯವನ್ನು ಮುಗಿಸುವ ರಚನಕಾರನು ಅದ್ಭುತಕ್ಕೆ ಬಾಗಿಲನ್ನೇ ಮುಚ್ಚಿರುತ್ತಾನೆ.

ಪ್ರಕೃತ ಲೇಖಕನು ಈ ಪಂದ್ಯಗಳನ್ನು ನೋಡಿರುವುದು ಚಿತ್ರಮುದ್ರಿಕೆಗಳ ಮೂಲಕವೇ. ಬಹುಸಂಖ್ಯೆಯ ನೋಟಕರ ಸ್ಥಿತಿಯೂ ಇದೇ. ಇದರಿಂದ ರಚನೆಗೆ ಹೊಸದೊಂದು ಹೊಣೆ ಬಂದಿದೆ. ಕಾಡಿನಲ್ಲಿ ತಿರುವಿನಾಚೆ ಮರೆಯಾದ ಡಿಸ್ಕು ಯಂತ್ರದ ಕಣ್ಣಿಗೂ ಮರೆಯಾಗುತ್ತದೆ. ಎಲೆಗಳ ನಡುವೆ ಏನೋ ಮಿಂಚಿತು, ಕಾಂಡದ ಸದ್ದು ಕೇಳಿತು, ಅಷ್ಟೆ. ಬಯಲಿನಲ್ಲಿ ಹಾರಾಟವೆಲ್ಲ ಕಾಣುತ್ತದೆ, ಆದರೆ ಎಷ್ಟು ದೂರ, ಎಷ್ಟು ಕಷ್ಟ ಎಂಬುದು ತಿಳಿಯುವುದಿಲ್ಲ. ಎಸೆಯುವ ಕೈ, ಹಾರುವ ದಾರಿ, ಇಳಿಯುವ ನೆಲ ಈ ಮೂರೂ ಒಂದೇ ನೋಟಕ್ಕೆ ದೊರೆಯುವ ಹೋಲುಗಳು ಒಂದು ಸುತ್ತಿನಲ್ಲಿ ನಾಲ್ಕೈದಾದರೂ ಇರಬೇಕೆಂದೂ, ಅವು ಕೊನೆಯ ಭಾಗದಲ್ಲಿ ಇರಬೇಕೆಂದೂ ನನ್ನ ಮತ. ವಿಂತ್ರಾಪಿನ ಹದಿನೇಳನೆಯದು ಈ ಪರೀಕ್ಷೆಯಲ್ಲಿಯೂ ಉತ್ತೀರ್ಣವಾಗುತ್ತದೆ.

ಕಡೆಯದಾಗಿ ಒಂದು ವಿಷಯವನ್ನು ಹೇಳದಿರಲಾಗದು. ಇದುವರೆಗೆ ‘ಆಟಗಾರ’ ಎಂದದ್ದರ ಹಿಂದೆ ಪುರುಷನ ತೋಳಿನ ಅಳತೆಯೇ ಇತ್ತೆಂಬುದನ್ನು ಓದುಗರು ಗಮನಿಸಿರಬಹುದು. ರಚನಕಾರರ ಮನಸ್ಸಿನಲ್ಲಿಯೂ ಬಹುಕಾಲ ಇದ್ದದ್ದು ಅದೇ. ಸ್ತ್ರೀಯರ ವಿಭಾಗ ಬಹುವರ್ಷ ಅದೇ ಕಟ್ಟೆಗಳಿಂದ, ಅದೇ ಗೆರೆಗಳ ನಡುವೆ ಆಡಿತು. ಇದರ ಪರಿಣಾಮ ಅಂಕಗಳು ಹೆಚ್ಚಾದುವೆಂಬುದಷ್ಟೇ ಅಲ್ಲ. ಪುರುಷನು ದಾಟಲೇ ಬೇಡವೇ ಎಂದು ತೂಗಿನೋಡುವ ಕೊಳವನ್ನು ಅಲ್ಲಿಂದ ದಾಟುವುದೇ ಅಸಾಧ್ಯವಾದಾಗ, ಸ್ಪರ್ಧಿಗಳೆಲ್ಲ ದಡದಲ್ಲಿ ಇಳಿಸುತ್ತಾರೆ, ಎಲ್ಲರೂ ಮತ್ತೆ ಎಸೆಯುತ್ತಾರೆ, ಆಯ್ಕೆಯೆಂಬುದೇ ಇಲ್ಲವಾಗುತ್ತದೆ. ಎಲ್ಲರಿಗೂ ಒಂದೇ ಅಂಕವನ್ನು ಕೊಡುವ ಹೋಲಿನ ಜಡತ್ವವನ್ನು ಮೇಲೆ ಹೇಳಿದೆಯಷ್ಟೆ. ಅಂಥ ಜಡತ್ವವನ್ನು ಒಂದು ವಿಭಾಗದ ಮೇಲೆ ಹೇರಿ, ಆ ವಿಭಾಗದ ಪಂದ್ಯ ಸಪ್ಪೆಯೆಂದು ದೂರುವವರ ಮಾತಿಗೆ ಬೆಲೆಯೇನು? ಇತ್ತೀಚಿನ ವರ್ಷಗಳಲ್ಲಿ ಸ್ತ್ರೀಯರಿಗೆ ಬೇರೆ ಕಟ್ಟೆಗಳನ್ನೂ ಬೇರೆ ಪಾರನ್ನೂ ಗೊತ್ತುಮಾಡುವ ಕ್ರಮ ಬಂದಿದೆ. ಇದು ಸರಿಯಾದ ಹೆಜ್ಜೆ. ಆದರೆ ಕಟ್ಟೆಯನ್ನು ಮೂವತ್ತು ಮೀಟರು ಮುಂದಕ್ಕೆ ತಂದ ಮಾತ್ರಕ್ಕೆ ಹೋಲು ಹೊಸದಾಗುವುದಿಲ್ಲ; ತಿರುವಿನಲ್ಲಿ ನಿಂತ ಮರ ಯಾರ ಎಸೆತಕ್ಕಾಗಿ ಉಳಿಸಿದ್ದೋ ಆ ಎಸೆತಕ್ಕೇ ಸಂಬಂಧಪಟ್ಟಿರುತ್ತದೆ. ಎಸ್ಟೋನಿಯದ ಕ್ರಿಸ್ಟಿನ್ ಟಾಟರ್ ಅವರು ೨೦೨೨ ಮತ್ತು ೨೦೨೩ರಲ್ಲಿ ವಿಶ್ವಪದವಿಯನ್ನು ಗೆದ್ದುದು ಎಂಪೋರಿಯದ ಗಾಳಿಯಲ್ಲಿಯೂ ವರ್ಮಾಂಟಿನ ಪರ್ವತದಲ್ಲಿಯೂ. ಅವರಂಥವರ ಎಸೆತವನ್ನೇ ಮೊದಲಿನ ಅಳತೆಯಾಗಿಟ್ಟುಕೊಂಡು, ಮರವನ್ನೂ ನೀರನ್ನೂ ಬೇಕಾದರೆ ಹಗ್ಗವನ್ನೂ ಆ ಅಳತೆಗೆ ಹೊಂದಿಸಿ ರಚಿಸಿದ ಹದಿನೆಂಟು ಹೋಲುಗಳ ಮೇಲೆ ಒಂದು ಪಂದ್ಯವನ್ನು ನೋಡಿದ ಬಳಿಕವೇ ಈ ವಿಚಾರವನ್ನು ಮುಂದುವರಿಸಬೇಕಾಗಿದೆ.